ಓದುಗರ ಪ್ರಶ್ನೆಗೆ ಉತ್ತರ: ಎಂಜಿನ್ ಟ್ಯೂನಿಂಗ್‌ಗೆ ಅಗ್ಗದ ಒಬಿಡಿ ಅಡಾಪ್ಟರ್ ಸಾಕೇ?

ಪ್ರಶ್ನೆ: ನನ್ನ ಬಳಿ ಟರ್ಬೊ ಪೆಟ್ರೋಲ್ ಕಾರಿದೆ. ಅದರ ಎಂಜಿನ್ ಟ್ಯೂನಿಂಗ್ ಅನ್ನು ನಾನೇ ಕಲಿತು ಮಾಡಬೇಕೆಂದಿದ್ದೇನೆ. ಕಾರಿನ ಒಬಿಡಿ (ತಪಾಸಣೆ) ಪೋರ್ಟಿಗೆ ಸಿಕ್ಕಿಸಿ ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಇದಕ್ಕೆ ಸಾಕಾಗುತ್ತದೆಯೇ, ಅಥವಾ ದುಬಾರಿ ಡೇಟಾ ಲಾಗರ್ ಕೊಳ್ಳಲೇಬೇಕೇ?

ಉತ್ತರ: ಕಾರಿನ ಆರೋಗ್ಯ ನೋಡಿಕೊಳ್ಳಲು ಆ ಅಡಾಪ್ಟರ್ ಸಾಕು, ಟ್ಯೂನಿಂಗ್‌ಗೆ ಸಾಲದು. ಹಾಗೆಂದು ಅತಿ ದುಬಾರಿ ಸಾಧನವೇ ಬೇಕೆಂದೂ ಇಲ್ಲ. ಇಂಧನ ಅಥವಾ ಇಗ್ನಿಷನ್ ಮ್ಯಾಪ್‌ನಲ್ಲಿ (ಆರ್‌ಪಿಎಂ ಮತ್ತು ಒತ್ತಡಕ್ಕೆ ತಕ್ಕಂತೆ ಎಷ್ಟು ಇಂಧನ, ಯಾವಾಗ ಕಿಡಿ ಎಂದು ಹೇಳುವ ಅಂಕಿಗಳ ಕೋಷ್ಟಕದಲ್ಲಿ) ನೀವು ಬದಲಿಸುವ ಪ್ರತಿಯೊಂದು ಅಂಕಿಯ ಪರಿಣಾಮವನ್ನು, ಪೂರ್ಣ ಥ್ರಾಟಲ್‌ನಲ್ಲಿ, ಸಾಕಷ್ಟು ವೇಗವಾಗಿ ದಾಖಲಿಸಬಲ್ಲ ಸಾಧನವೇ ನಿಮಗೆ ಸರಿಯಾದದ್ದು. ಟರ್ಬೊ ಪೆಟ್ರೋಲ್ ಎಂಜಿನ್ನಿನ ಮಟ್ಟಿಗೆ ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ), ಲ್ಯಾಂಬ್ಡಾ (ಗಾಳಿ-ಇಂಧನ ಮಿಶ್ರಣದ ಅಳತೆ), ಇಗ್ನಿಷನ್ ಟೈಮಿಂಗ್, ಒಳಬರುವ ಗಾಳಿಯ ಉಷ್ಣತೆ ಮತ್ತು ನಾಕ್ (ಸಿಲಿಂಡರಿನಲ್ಲಿ ಮಿಶ್ರಣ ಅಕಾಲದಲ್ಲಿ ಸಿಡಿಯುವುದು) ಕಾರಣದಿಂದ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಟೈಮಿಂಗನ್ನು ಎಷ್ಟು ಹಿಂದಕ್ಕೆಳೆಯಿತು ಎಂಬ ಮಾಹಿತಿ, ಇಷ್ಟೂ ಒಂದೇ ಲಾಗ್‌ನಲ್ಲಿ ಸಿಗಬೇಕು.

ಮೊದಲು ವೇಗದ ವಿಚಾರ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ 6000ಕ್ಕೆ ಏರಲು 8 ಸೆಕೆಂಡ್ ಬೇಕೆಂದು ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 500 ಆರ್‌ಪಿಎಂ. ಅಡಾಪ್ಟರ್ ಸೆಕೆಂಡಿಗೆ 5 ಮೌಲ್ಯಗಳನ್ನಷ್ಟೇ ಓದಬಲ್ಲುದಾಗಿದ್ದು ನೀವು 10 ಮೌಲ್ಯಗಳನ್ನು ಆರಿಸಿದ್ದರೆ, ಪ್ರತಿಯೊಂದರ ಸರದಿ ಬರುವುದು 2 ಸೆಕೆಂಡಿಗೊಮ್ಮೆ. ಅಷ್ಟರಲ್ಲಿ ಎಂಜಿನ್ 1000 ಆರ್‌ಪಿಎಂ ಮೇಲೇರಿರುತ್ತದೆ. 4200ರ ಸುಮಾರಿಗೆ ಮಿಶ್ರಣ ಅರೆಕ್ಷಣ ಲೀನ್ (ಇಂಧನ ಕಡಿಮೆ) ಆಗಿ ಸರಿಹೋದರೆ ಅದು ಲಾಗ್‌ನಲ್ಲಿ ಕಾಣುವುದೇ ಇಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ, ಒಂದೇ ಸಾಲಿನಲ್ಲಿ ಕಾಣುವ ಆರ್‌ಪಿಎಂ ಮತ್ತು ಟೈಮಿಂಗ್ ಒಂದೇ ಕ್ಷಣದವಾಗಿರುವುದಿಲ್ಲ. ಆ ಸಾಲನ್ನು ನಂಬಿ ಮ್ಯಾಪ್ ತಿದ್ದಿದರೆ ತಪ್ಪು ಕೋಶವನ್ನು ತಿದ್ದಿದಂತಾಗುತ್ತದೆ.

ಈ ನಿಧಾನಕ್ಕೆ ಅಡಾಪ್ಟರ್ ಮಾತ್ರ ಕಾರಣವಲ್ಲ. ಹಳೆಯ ಕಾರುಗಳ ಕೆ-ಲೈನ್ ಸಂಪರ್ಕದ ವೇಗವೇ ಸೆಕೆಂಡಿಗೆ 10,400 ಬಿಟ್. ಕ್ಯಾನ್ ಎಂಬ ಹೊಸ ಸಂಪರ್ಕ ಇರುವ ಕಾರುಗಳಲ್ಲಿ ಅದು ಸಾಮಾನ್ಯವಾಗಿ 5 ಲಕ್ಷ ಬಿಟ್, ಜೊತೆಗೆ ಒಂದೇ ಕೋರಿಕೆಯಲ್ಲಿ ಆರು ಮೌಲ್ಯಗಳವರೆಗೆ ಕೇಳಬಹುದು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಇಎಲ್‌ಎಂ327 ಚಿಪ್‌ನ ಅಗ್ಗದ ಅಡಾಪ್ಟರ್‌ಗಳಲ್ಲಿ ಬಹುಪಾಲು ನಕಲು. "ಆವೃತ್ತಿ 1.5" ಎಂದು ಬರೆದಿದ್ದರೆ ಅನುಮಾನವೇ ಬೇಡ, ಏಕೆಂದರೆ ಮೂಲ ಚಿಪ್ ತಯಾರಿಸುತ್ತಿದ್ದ ಎಲ್ಮ್ ಎಲೆಕ್ಟ್ರಾನಿಕ್ಸ್ ಆ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ಒಬಿಡಿ ಮಾರ್ಗದಲ್ಲೇ ಹೋಗುವುದಾದರೆ ಒಬಿಡಿಲಿಂಕ್‌ನಂತಹ ವೇಗದ ಅಡಾಪ್ಟರ್‌ಗೆ ಹಣ ಹಾಕುವುದು ಲೇಸು.

ವೇಗದ ತೊಂದರೆ ನೀಗಿದರೂ ಒಬಿಡಿಯ ಸಾಮಾನ್ಯ ಮೌಲ್ಯಗಳ ಪಟ್ಟಿಯಲ್ಲಿ ಒಂದು ದೊಡ್ಡ ಕೊರತೆ ಉಳಿಯುತ್ತದೆ. ಆ ಪಟ್ಟಿ ರೂಪುಗೊಂಡದ್ದು ಹೊಗೆ ನಿಯಂತ್ರಣದ ತಪಾಸಣೆಗಾಗಿ. ಅದರಲ್ಲಿ ಇಗ್ನಿಷನ್ ಟೈಮಿಂಗ್ ಇದೆ, ಆದರೆ ಯಾವ ಸಿಲಿಂಡರಿನಲ್ಲಿ ನಾಕ್ ಆಗಿ ಎಷ್ಟು ಡಿಗ್ರಿ ಹಿಂದಕ್ಕೆ ಹೋಯಿತು ಎಂಬುದು ಇಲ್ಲ. ಮ್ಯಾನಿಫೋಲ್ಡ್ ಒತ್ತಡದ ಮೂಲ ಪಿಐಡಿ (ಮೌಲ್ಯವನ್ನು ಕೇಳುವ ಸಂಕೇತ) ಒಂದೇ ಬೈಟಿನದು, 255 ಕಿಲೋಪ್ಯಾಸ್ಕಲ್ ದಾಟಿದ್ದನ್ನು ಅದು ತೋರಿಸಲಾರದು. ಆದ್ದರಿಂದ ಆಯಾ ತಯಾರಕರ ಇಸಿಯು ಭಾಷೆ ಬಲ್ಲ ಸಾಧನ ಬೇಕು: ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ವಿಸಿಡಿಎಸ್; ಸುಬಾರು ಕಾರುಗಳಿಗೆ ಉಚಿತವಾಗಿ ಸಿಗುವ ರೋಮ್‌ರೇಡರ್; ಜಿಎಂ ಮತ್ತು ಫೋರ್ಡ್‌ನ ಹಲವು ಮಾದರಿಗಳಿಗೆ ಎಚ್‌ಪಿ ಟ್ಯೂನರ್ಸ್. ಹಳೆಯ ಫೋಕ್ಸ್‌ವ್ಯಾಗನ್ ಇಸಿಯುಗಳಲ್ಲಿ ವಿಸಿಡಿಎಸ್ ಬಳಸುವಾಗ ಒಮ್ಮೆಗೆ ಮೌಲ್ಯಗಳ ಮೂರು ಗುಂಪುಗಳನ್ನು ಲಾಗ್ ಮಾಡಬಹುದು, ಆದರೆ ಗುಂಪು ಹೆಚ್ಚಿದಷ್ಟೂ ವೇಗ ಇಳಿಯುತ್ತದೆ. ನಾಕ್ ನೋಡುವಾಗ ನಾಕ್ ಗುಂಪೊಂದನ್ನೇ ಇಟ್ಟುಕೊಂಡು ಉಳಿದವನ್ನು ಮತ್ತೊಂದು ಓಟಕ್ಕೆ ಬಿಡಿ.

ಎರಡನೆಯ ಮುಖ್ಯ ಖರ್ಚು ಲ್ಯಾಂಬ್ಡಾ ಅಳತೆಯದು. ಸಾಮಾನ್ಯ ನ್ಯಾರೋಬ್ಯಾಂಡ್ ಸೆನ್ಸರ್ 0.45 ವೋಲ್ಟ್ ಆಸುಪಾಸಿನಲ್ಲಿ ಮಿಶ್ರಣ ರಿಚ್ (ಇಂಧನ ಹೆಚ್ಚು) ಅಥವಾ ಲೀನ್ ಎಂದಷ್ಟೇ ಹೇಳುತ್ತದೆ; ಪೂರ್ಣ ಥ್ರಾಟಲ್‌ನಲ್ಲಿ ಎಷ್ಟು ರಿಚ್ ಎಂಬುದು ಅದರಿಂದ ತಿಳಿಯದು. ನಿಮ್ಮ ಕಾರಿಗೆ ಕಾರ್ಖಾನೆಯಿಂದಲೇ ವೈಡ್‌ಬ್ಯಾಂಡ್ (ಎಷ್ಟು ರಿಚ್ ಎಂದು ಅಂಕಿಯಲ್ಲೇ ಹೇಳುವ ಸೆನ್ಸರ್) ಬಂದಿರಬಹುದು, ಹೊಸದನ್ನು ಕೊಳ್ಳುವ ಮೊದಲು ಅದನ್ನು ಪರೀಕ್ಷಿಸಿ. ಇಲ್ಲದಿದ್ದರೆ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಬಳಸುವ ಕಂಟ್ರೋಲರ್ ಒಂದನ್ನು ಆರಿಸಿ, ಅದರ ಸಂಕೇತ ಲಾಗರ್‌ಗೆ ಸೀರಿಯಲ್ ಅಥವಾ ಕ್ಯಾನ್ ಮೂಲಕ ಬರುವಂತೆ ನೋಡಿಕೊಳ್ಳಿ. ಅನಲಾಗ್ ತಂತಿಯಲ್ಲಿ ತಪ್ಪು ನುಸುಳುವುದು ಬಹಳ ಸುಲಭ. ಇನ್ನೋವೇಟ್ ಎಲ್‌ಸಿ-2 ಕಂಟ್ರೋಲರ್‌ನ ಮೂಲ ಸೆಟ್ಟಿಂಗ್‌ನಲ್ಲಿ 0ಯಿಂದ 5 ವೋಲ್ಟ್ ಎಂದರೆ ಗಾಳಿ-ಇಂಧನ ಅನುಪಾತ 7.35ರಿಂದ 22.39; ಅರ್ತಿಂಗ್ ಸರಿಯಿಲ್ಲದೆ 0.1 ವೋಲ್ಟ್ ವ್ಯತ್ಯಾಸ ಬಂದರೆ ಅನುಪಾತ 0.3ರಷ್ಟು ಸುಳ್ಳು ಹೇಳುತ್ತದೆ. 11.8 ಇದ್ದದ್ದು 11.5 ಎಂದು ಕಂಡರೆ ನೀವು ಇಂಧನ ಕಡಿಮೆ ಮಾಡುತ್ತೀರಿ, ಹಾನಿಗೆ ಅಷ್ಟು ಸಾಕು.

ಲಾಗ್‌ನಲ್ಲಿ ಅನುಪಾತದ ಬದಲು ಲ್ಯಾಂಬ್ಡಾವನ್ನೇ ದಾಖಲಿಸಿ ಎಂದು ಒತ್ತಿ ಹೇಳುತ್ತೇನೆ. ಶುದ್ಧ ಪೆಟ್ರೋಲಿಗೆ ಸಮತೋಲನದ ಅನುಪಾತ 14.7, ಈಗ ನಮ್ಮ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿಗೆ ಅದು ಸುಮಾರು 13.5. ಲ್ಯಾಂಬ್ಡಾ 1 ಎರಡಕ್ಕೂ ಒಂದೇ.

ಸ್ಪೀಡುಯಿನೊ, ಮೆಗಾಸ್ಕ್ವರ್ಟ್‌ನಂತಹ ಸ್ವತಂತ್ರ ಇಸಿಯುವನ್ನು ಕಾರ್ಖಾನೆಯದರ ಬದಲು ಹಾಕಿಕೊಂಡವರಿಗೆ ಪ್ರತ್ಯೇಕ ಲಾಗರ್ ಬೇಡ. ಟ್ಯೂನರ್‌ಸ್ಟುಡಿಯೊ ತಂತ್ರಾಂಶ ಇಸಿಯುಗೆ ಜೋಡಿಸಿದ ಕೇಬಲ್‌ನಲ್ಲೇ ಎಲ್ಲವನ್ನೂ ದಾಖಲಿಸುತ್ತದೆ, ಮೆಗಾಲಾಗ್‌ವ್ಯೂವರ್‌ನಲ್ಲಿ ತೆರೆದು ನೋಡಬಹುದು. ಉಳಿದ ಹಣವನ್ನು ವೈಡ್‌ಬ್ಯಾಂಡ್‌ಗೆ ಇಡಿ. ಡೀಸೆಲ್ ಎಂಜಿನ್ನಿಗೆ ಲೆಕ್ಕವೇ ಬೇರೆ, ಅಲ್ಲಿ ಇಂಧನದ ರೈಲ್ ಒತ್ತಡ, ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಮತ್ತು ಎಕ್ಸಾಸ್ಟ್ ಉಷ್ಣತೆ ಮೊದಲು ಬರುತ್ತವೆ.

ಕೊನೆಯದಾಗಿ, ನೀವು ಆರಿಸುವ ಸಾಧನ ವಾತಾವರಣದ ಒತ್ತಡವನ್ನೂ ದಾಖಲಿಸುತ್ತದೆಯೇ ಎಂದು ವಿಚಾರಿಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಅದು 91 ಕಿಲೋಪ್ಯಾಸ್ಕಲ್ ಆಸುಪಾಸು, ಮಂಗಳೂರಿನಲ್ಲಿ 101ರ ಹತ್ತಿರ. ಟರ್ಬೊ ಇಲ್ಲದ ಎಂಜಿನ್ನನ್ನು ಬೆಂಗಳೂರಿನಲ್ಲೇ ಟ್ಯೂನ್ ಮಾಡಿದರೆ ಮ್ಯಾಪ್‌ನ 95ರಿಂದ 100 ಕಿಲೋಪ್ಯಾಸ್ಕಲ್‌ನ ಸಾಲುಗಳನ್ನು ಅದು ಎಂದೂ ಮುಟ್ಟಿರುವುದಿಲ್ಲ. ಶಿರಾಡಿ ಘಾಟಿ ಇಳಿದ ಮೇಲೆ, ಕರಾವಳಿಯ ಸೆಕೆಯಲ್ಲಿ, ಪೂರ್ಣ ಥ್ರಾಟಲ್ ಕೊಟ್ಟಾಗ ಎಂಜಿನ್ ಮೊದಲ ಬಾರಿಗೆ ಆ ಅಂಕಿಗಳ ಮೇಲೆ ಓಡುತ್ತದೆ. ಟರ್ಬೊ ಕಾರಿನಲ್ಲಿ ಇಸಿಯು ಬೂಸ್ಟನ್ನು ಗುರಿಗೆ ತಂದು ನಿಲ್ಲಿಸುವುದರಿಂದ ಈ ವ್ಯತ್ಯಾಸ ಇಷ್ಟು ನೇರವಾಗಿ ಕಾಣದು, ಆದರೆ ಬೆಂಗಳೂರಿನಲ್ಲಿ ಅದೇ ಗುರಿ ತಲುಪಲು ಟರ್ಬೊ ಹೆಚ್ಚು ದುಡಿದಿರುತ್ತದೆ. ಎರಡೂ ಊರುಗಳ ಲಾಗ್‌ಗಳನ್ನು ಹೋಲಿಸುವಾಗ ಈ ಒಂದು ಕಾಲಂ ಇಲ್ಲದಿದ್ದರೆ ವ್ಯತ್ಯಾಸ ನಿಮ್ಮ ಮ್ಯಾಪಿನದೋ ಗಾಳಿಯದೋ ಎಂದು ಹೇಳಲಾಗದು.