ಹಿಮದಡಿಯ ಬಸವನಹುಳು

ಹೊರನಾಡಿನಿಂದ ಬಂದ ಜೀವಿಗಳ ಹಾವಳಿಯೆಲ್ಲ ಬೆಚ್ಚನೆಯ ಪ್ರದೇಶಗಳ ಗೋಳು, ಉತ್ತರದ ಶೀತ ದೇಶಗಳನ್ನು ಚಳಿಗಾಲವೇ ಕಾಯುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದನ್ನು ಸುಳ್ಳು ಮಾಡಲು ಐದಾರು ಮಿಲಿಮೀಟರ್ ಉದ್ದದ ಕಂದು ಬಣ್ಣದ ಪ್ರಾಣಿಯೊಂದು ಸಾಕು: ನ್ಯೂಜಿಲೆಂಡಿನ ಕೆಸರು ಬಸವನಹುಳು.

ಇದು ಇಂಗ್ಲೆಂಡನ್ನು ಸೇರಿದ್ದು 19ನೇ ಶತಮಾನದಲ್ಲಿ. ಹಡಗುಗಳ ಕುಡಿಯುವ ನೀರಿನ ಪೀಪಾಯಿಗಳಲ್ಲಿ ಬಂದಿರಬಹುದೆಂದು ಊಹೆ. ನ್ಯೂಜಿಲೆಂಡಿನ ಮಾದರಿಗಳನ್ನು ಜಾನ್ ಗ್ರೇ 1843ರಲ್ಲೇ ವರ್ಣಿಸಿದ್ದರೂ, ಥೇಮ್ಸ್ ನದೀಮುಖದಲ್ಲಿ ಸಿಕ್ಕ ಇದೇ ಪ್ರಾಣಿಗೆ ಎಡ್ಗರ್ ಸ್ಮಿತ್ 1889ರಲ್ಲಿ ಹೊಸ ಪ್ರಭೇದವೆಂದು ಬೇರೆಯೇ ಹೆಸರಿಟ್ಟರು. ಎರಡೂ ಒಂದೇ ಎಂಬುದು ಖಚಿತವಾಗುವವರೆಗೆ ಯುರೋಪು ಈ ಅತಿಥಿಯನ್ನು ತನ್ನದೇ ಸಂತತಿಯೆಂದು ಭಾವಿಸಿತ್ತು. ಅಮೆರಿಕದ ಸ್ನೇಕ್ ನದಿಯಲ್ಲಿ ಇದು 1987ರಲ್ಲಿಯೂ, ಒಂಟಾರಿಯೊ ಸರೋವರದಲ್ಲಿ 1991ರಲ್ಲಿಯೂ ಕಂಡುಬಂತು.

ಹಾಗೆಂದು ಇದು ಚಳಿಯನ್ನು ಗೆದ್ದ ಜೀವಿಯೇನಲ್ಲ. ಮೀನು ಹಿಡಿಯುವವರ ಬೂಟುಗಳನ್ನು ಕೆಲವು ಗಂಟೆ ಫ್ರೀಜರಿನಲ್ಲಿಟ್ಟರೆ ಅವುಗಳಿಗೆ ಅಂಟಿಕೊಂಡ ಹುಳುಗಳು ಸಾಯುತ್ತವೆ. ಆದರೆ ಸರೋವರದ ತಳ ಫ್ರೀಜರಲ್ಲ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದಂತೆ ಅಣುಗಳು ಒಂದನ್ನೊಂದು ದೂರವಿರಿಸುವ ಸಡಿಲ ವಿನ್ಯಾಸಕ್ಕೆ ಸರಿಯುವುದರಿಂದ ನೀರು ಹಗುರವಾಗಿ ಮೇಲೇರುತ್ತದೆ. ಹೀಗಾಗಿ ಆಳವಾದ ಸರೋವರದಲ್ಲಿ ಮಂಜುಗಡ್ಡೆ ಮೇಲೆ ಕಟ್ಟಿ ಕಂಬಳಿಯಂತೆ ಹೊದ್ದುಕೊಂಡರೆ, ಹೊರಗಿನ ಗಾಳಿ ಶೂನ್ಯಕ್ಕಿಂತ ಎಷ್ಟೇ ಕೆಳಗಿಳಿದರೂ ತಳದ ಕೆಸರಿನಲ್ಲಿರುವ ಹುಳು ಹೆಪ್ಪುಗಟ್ಟುವುದಿಲ್ಲ. ಬಿಸಿನೀರಿನ ಬುಗ್ಗೆಗಳು ಕೂಡುವ ಹೊಳೆಗಳಲ್ಲಂತೂ ಇದಕ್ಕೆ ಚಳಿಗಾಲವೇ ಇಲ್ಲ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಅಂಥ ಹೊಳೆಗಳಲ್ಲಿ ಚದರ ಮೀಟರಿಗೆ ಲಕ್ಷಗಟ್ಟಲೆ ಹುಳುಗಳು ದೊರೆತಿವೆ.

ಇಷ್ಟು ಸಂಖ್ಯೆಗೆ ಒಂದೇ ಒಂದು ಹೆಣ್ಣು ಮೂಲವಾಗಬಲ್ಲದು. ತಾಯ್ನಾಡಿನಲ್ಲಿ ಗಂಡುಗಳೂ ಇವೆ, ಆದರೆ ಹೊರಗೆ ನೆಲೆಸಿದ ಗುಂಪುಗಳು ಬಹುತೇಕ ಹೆಣ್ಣುಗಳೇ. ಗಂಡಿನ ನೆರವಿಲ್ಲದೆ ತಮ್ಮದೇ ಪಡಿಯಚ್ಚಿನಂಥ ಮರಿಗಳನ್ನು ಚಿಪ್ಪಿನೊಳಗೆ ಬೆಳೆಸಿ ಹೊರಬಿಡುತ್ತವೆ. ಚಿಪ್ಪಿನ ಬಾಯಿಗೊಂದು ಮುಚ್ಚಳವೂ ಇರುವುದರಿಂದ ಟ್ರೌಟ್ ಮೀನು ನುಂಗಿದರೂ ಅನೇಕ ಹುಳುಗಳು ಅದರ ಕರುಳನ್ನು ದಾಟಿ ಜೀವಂತವಾಗಿ ಹೊರಬೀಳುತ್ತವೆ: ಮೀನಿಗೆ ಆಹಾರವಿಲ್ಲ, ಹುಳುವಿಗೆ ಪುಕ್ಕಟೆ ಪ್ರಯಾಣ.

ಕೊಳದ ನೀರನ್ನು ಚಳಿಗಾಲದಲ್ಲಿ ಬರಿದುಮಾಡಿ ತಳವನ್ನು ಹೆಪ್ಪುಗಟ್ಟಿಸುವುದು ಮೀನು ಸಾಕಣೆ ಕೇಂದ್ರಗಳಲ್ಲಿ ಸಾಧ್ಯವಿರುವ ಉಪಾಯ. ಹರಿಯುವ ನದಿಯಲ್ಲಿ ಅದು ಆಗದ ಮಾತು. ವಿಷ ಹಾಕಿದರೆ ಸ್ಥಳೀಯ ಬಸವನಹುಳುಗಳೂ ಜೊತೆಗೇ ಸಾಯುತ್ತವೆ.