ಖರಾಬು: ಕೆಟ್ಟು ಹೋಗಿದ್ದು ಜಮೀನಲ್ಲ

"ಅದು ಖರಾಬು ಸಾರ್, ಯಾತಕ್ಕೂ ಬಾರದ ಜಾಗ." ಸೈಟು ತೋರಿಸಲು ಬಂದ ಬ್ರೋಕರ್ ಹಳ್ಳದ ಕಡೆ ಕೈ ಬೀಸಿ ಹೇಳಿದ. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಖರಾಬ್ ಮೂಲದಲ್ಲಿ ಅರಬ್ಬಿ, ಹಾಳುಬಿದ್ದದ್ದು ಅಂತ ಅರ್ಥ. ಪಾರಸಿ ದಾಟಿ ನಮ್ಮ ಕಂದಾಯ ಕಡತಕ್ಕೆ ಬಂತು. ಆದರೆ ಕಡತದಲ್ಲಿ ಅದು ಒಂಟಿಯಲ್ಲ, 'ಪೋಟ್ ಖರಾಬು'. (ಪಹಣಿಯಲ್ಲಿ 'ಫುಟ್' ಅಂತ ಕಂಡು ಅಡಿ ಲೆಕ್ಕ ಅಂದುಕೊಂಡವರೂ ಇದ್ದಾರೆ!) ಮರಾಠಿಯಲ್ಲಿ ಪೋಟ್ ಅಂದರೆ ಹೊಟ್ಟೆ. ಸರ್ವೆ ನಂಬರಿನ ಹೊಟ್ಟೆಯೊಳಗೇ ಇದ್ದೂ ಕಂದಾಯಕ್ಕೆ ಸೇರದ ತುಂಡು ಅದು. 2 ಎಕರೆ 10 ಗುಂಟೆಯಲ್ಲಿ 6 ಗುಂಟೆ ಖರಾಬು ಅನ್ನಿ, ಕಂದಾಯ 2 ಎಕರೆ 4 ಗುಂಟೆಗೆ ಮಾತ್ರ. ಅಂದರೆ ಈ ಪದ ಹೇಳುವುದು ತೆರಿಗೆಯ ವಿಚಾರ. ಜಾಗ ಯಾತಕ್ಕೂ ಬಾರದು ಅಂತಲ್ಲ.

1966ರ ಭೂಕಂದಾಯ ನಿಯಮಗಳಲ್ಲಿ ಇದು ಎರಡು ಬಗೆ. 'ಎ' ಉಳುಮೆಗೆ ಒಗ್ಗದ್ದು. 'ಬಿ' ದಾರಿ, ಹಳ್ಳ, ಕೆರೆ, ಸ್ಮಶಾನದಂಥದ್ದು. 'ಬಿ' ಸಾರ್ವಜನಿಕ ಆಸ್ತಿ, ಪಟ್ಟಾದಾರನದಲ್ಲ. ಇಷ್ಟು ಗೊತ್ತಿದ್ದೂ ಎರಡನ್ನೂ ಸುಮ್ನೆ 'ಖರಾಬು' ಅಂತ ಒಂದೇ ಚೀಲಕ್ಕೆ ತುಂಬುತ್ತಾರೆ.

ಈಗ ನೀರಿನ ಕಣ್ಣಿಂದ ನೋಡಿ. ನಮ್ಮದು ಬಹುಪಾಲು ಗಟ್ಟಿ ಬಂಡೆಯ ನಾಡು. ಬಂಡೆ ನೀರು ಕುಡಿಯುವುದಿಲ್ಲ, ಅದರ ಬಿರುಕು ಕುಡಿಯುತ್ತದೆ. ಬೋಳು ಬಂಡೆಯಿಂದ ಜಾರಿದ ಮಳೆ ಕೆಳಗಿನ ಗರಸು ಮಣ್ಣಿನಲ್ಲಿ, ಹಳ್ಳದ ಮರಳಿನಲ್ಲಿ, ಕೆರೆಯಂಗಳದಲ್ಲಿ ನಿಂತು ಇಂಗುತ್ತದೆ. ಕೆರೆ ತುಂಬಿದ ವರ್ಷ ಏರಿಯ ಕೆಳಗಿನ ಬಾವಿಗಳಲ್ಲಿ ನೀರು ಮೇಲೆ ಬರುವುದನ್ನು ಹಳ್ಳಿಯವರು ಕಂಡೇ ಇದ್ದಾರೆ, ಅಲ್ವಾ? ನೇಗಿಲಿಗೆ ಬೇಡವಾದ ಎಷ್ಟೋ ಜಾಗ ಬಾವಿಗೆ ಬೇಕು.

ನಗರ ಯೋಜನೆಯೂ ಇದನ್ನು ಅರೆಮನಸ್ಸಿನಿಂದ ಒಪ್ಪಿದೆ. 2007ರಲ್ಲಿ ಒಪ್ಪಿಗೆಯಾದ ಬೆಂಗಳೂರಿನ 'ಮಹಾಯೋಜನೆ 2015' (ಮಾಸ್ಟರ್ ಪ್ಲಾನ್) ಕೆರೆ ಸುತ್ತ 30 ಮೀಟರ್ ಕಟ್ಟಡ ಕಟ್ಟದೆ ಬಿಡಿ ಅಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಮೀಟರಿನ ಜಗಳ ಜಾಸ್ತಿ ಆಯಿತು. ಕೆರೆಗೆ ನೀರು ತರುವ, ಮೊಣಕಾಲುದ್ದದ ಹಳ್ಳದ ಬಗ್ಗೆ ಮಾತು ಕಮ್ಮಿ. ಗ್ರಾಮನಕ್ಷೆಯಲ್ಲಿ ಅದಕ್ಕೊಂದು ಗೆರೆ ಇದೆ, ಪಹಣಿಯ 3ನೇ ಕಾಲಂನಲ್ಲಿ ಗುಂಟೆ ಲೆಕ್ಕವೂ ಇದೆ. ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಆಗುವ ಮುಂಚೆ ನೋಡಬೇಕಾದ್ದು ಅದನ್ನೇ.

ಅಂದಹಾಗೆ, ಆ ಬ್ರೋಕರ್ ಕೊಟ್ಟ ಬಣ್ಣದ ನಕ್ಷೆಯಲ್ಲಿ 'ಯಾತಕ್ಕೂ ಬಾರದ' ಹಳ್ಳದ ಮೇಲೆ ಹಸಿರು ಬಳಿದು 'ಪಾರ್ಕ್' ಅಂತ ಬರೆದಿತ್ತು. ಎದುರಿನ ಸೈಟಿಗೆ ರೇಟು ಜಾಸ್ತಿ.