ವಿಷ್ಣುಕ್ರಾಂತಿ ಹಾಕಿದರೆ ಅಂಗಳಕ್ಕೆ ಹಾವು ಬರುತ್ತಾ?

ಪ್ರಶ್ನೆ: ಕೋಲಾರದಲ್ಲಿ ನಮ್ಮದು ಚಿಕ್ಕ ಅಂಗಳ. ಚಿಟ್ಟೆ, ಜೇನು ಬರಲಿ ಅಂತ ವಿಷ್ಣುಕ್ರಾಂತಿ ಬೆಳೆಸುವ ಆಸೆ. ಹಾವು ಬರುತ್ತದೆ, ಬೇಡ ಅನ್ನುತ್ತಾರೆ ನಮ್ಮತ್ತೆ. ನಿಜವೇ?

ಇಲ್ಲ. ಮಲ್ಲಿಗೆಗೆ, ಸಂಪಿಗೆಗೆ, ಕೇದಗೆಗೆ ಕೊಟ್ಟ ಉತ್ತರವೇ ಇದಕ್ಕೂ. ಎಷ್ಟು ಸಲ ಕೊಟ್ಟೆನೋ, ಲೆಕ್ಕ ಬಿಟ್ಟಿದ್ದೇನೆ.

ಹಾವು ಹೂವು ತಿನ್ನುವುದಿಲ್ಲ, ಮಕರಂದ ಕುಡಿಯುವುದಿಲ್ಲ. (ಹಾಲೂ ಅದರ ಆಹಾರವಲ್ಲ. ಆ ಜಗಳ ಇನ್ನೊಂದು ದಿನ ಆಡೋಣ.) ಅದಕ್ಕೆ ಬೇಕಾದದ್ದು ಇಲಿ, ಕಪ್ಪೆ, ಹಲ್ಲಿ. ನಾಲಿಗೆ ಚಾಚಿ ವಾಸನೆ ಹಿಡಿದು ಹೋಗುವುದು ಅವುಗಳ ಜಾಡಿನಲ್ಲಿ. ಆಮೇಲೆ ಮೈ ಹುದುಗಿಸಲು ಒಂದು ಸಂದಿ ಬೇಕು. ವಿಷ್ಣುಕ್ರಾಂತಿಯೋ ನೆಲಕ್ಕೆ ಅಂಟಿಕೊಂಡು ಹರಡುವ ಗಿಡ. ದಾರದಂಥ ಕಾಂಡ, ಪುಟ್ಟ ಎಲೆ. ಅದರಡಿ ಹಲ್ಲಿಯೇ ನೆಟ್ಟಗೆ ಅಡಗಲಾರದು, ಇನ್ನು ನಾಗರಹಾವು ಎಲ್ಲಿ ಕೂರಬೇಕು? ಹಿತ್ತಲಿಗೆ ಹೋಗಿ ನೋಡಿ. ಕಾಂಪೌಂಡಿಗೆ ಒರಗಿಸಿಟ್ಟ ಚಪ್ಪಡಿ ಕಲ್ಲು, ಎರಡು ವರ್ಷದಿಂದ ಕದಲಿಸದ ಸೌದೆ, ಇಲಿ ತೂತು ಮಾಡಿದ ರಾಗಿ ಮೂಟೆ, ರಾತ್ರಿ ಎಸೆದ ಅನ್ನ. ಹಾವು ಬರುವುದು ಅಲ್ಲಿಗೆ. ನಮ್ಮ ಮನೆಗೂ ಒಮ್ಮೆ ಕೊಳಕುಮಂಡಲ ಬಂದಿತ್ತು. ಸಿಕ್ಕಿದ್ದು ಹಳೇ ಹೆಂಚಿನ ರಾಶಿಯಲ್ಲಿ. ಬೈಸಿಕೊಂಡಿದ್ದು ಮಾತ್ರ ಹೂವಿನ ಗಿಡ!

ಅತ್ತೆಯವರ ಮಾತಿನಲ್ಲಿ ನಿಜವೂ ಇದೆ. ಮೊಣಕಾಲುದ್ದ ಹುಲ್ಲು ಬೆಳೆದರೆ ಹಾವು ಕಣ್ಣಿಗೆ ಬೀಳುವುದಿಲ್ಲ. ಈ ಗಿಡ ಅಷ್ಟು ಎತ್ತರಕ್ಕೆ ಏಳುವುದೇ ಇಲ್ಲ. ರಂಗೋಲಿ ಜಾಗ ಬಿಟ್ಟು ಅಂಚಿಗೆ ಹಾಕಿ, ಗುಡಿಸುವುದಕ್ಕೂ ಅಡ್ಡಿಯಿಲ್ಲ.

ಬಿಸಿಲು, ನೀರು ನಿಲ್ಲದ ಗರಸು ಮಣ್ಣು, ಅಷ್ಟೇ ಸಾಕು. ಬೀಜದ ಸಿಪ್ಪೆ ಗಟ್ಟಿ, ಮರಳಲ್ಲಿ ಉಜ್ಜಿ ಹಾಕಿ. ಬೇಸಿಗೆಯಲ್ಲಿ ಒಣಗಿದರೆ ಕೀಳಬೇಡಿ, ಬೇರಿನಲ್ಲಿ ಜೀವ ಇರುತ್ತದೆ. ಹೂವು ನೋಡಬೇಕಾದರೆ ಬೆಳಗ್ಗೆ ನೋಡಿ, ಮಧ್ಯಾಹ್ನ ಮುಚ್ಚಿಕೊಳ್ಳುತ್ತದೆ. ನರ್ಸರಿಯಲ್ಲಿ ದೊಡ್ಡ ನೀಲಿ ಹೂವು, ಬೂದು ಎಲೆಯ ಗಿಡ ತೋರಿಸಿದರೆ ಅದು ದಕ್ಷಿಣ ಅಮೆರಿಕದ ದಾಯಾದಿ. ಶಂಖಪುಷ್ಪದ ಬಳ್ಳಿಯನ್ನೂ ಕೆಲವರು ವಿಷ್ಣುಕ್ರಾಂತಿ ಅನ್ನುತ್ತಾರೆ, ಅದೂ ಅಲ್ಲ.

ಕುಂಡದ ಟೊಮೆಟೊಗೂ ಜೇನು ಬೇಕಾ ಅಂತ ಯಾರೂ ಕೇಳಲಿಲ್ಲ. ಆದರೆ ಕೋಲಾರದಲ್ಲಿ ಕೂತು ಟೊಮೆಟೊ ಮಾತು ಬಿಡೋಕಾಗುತ್ತಾ? ಅದರ ಹೂವು ಪರಾಗವನ್ನು ಕೊಳವೆಯಂಥ ಕೇಸರದೊಳಗೆ ಬಚ್ಚಿಟ್ಟಿರುತ್ತದೆ. ಗಾಳಿಗೆ ಅಲುಗಿದರೂ ಉದುರಿ ಕಾಯಿ ಕಚ್ಚುತ್ತದೆ. ಆದರೆ ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನೊಂದಿದೆ. ಅದು ಹೂವನ್ನು ತಬ್ಬಿ ಗುಂಯ್ ಅಂತ ನಡುಗಿಸಿದರೆ ಪರಾಗ ಜಾಸ್ತಿ ಉದುರುತ್ತದೆ. ತುಡುವೆ ಜೇನಿಗೆ ಆ ವಿದ್ಯೆ ಬರುವುದಿಲ್ಲ. ಈ ಒಂಟಿ ಜೇನು ಗೂಡು ಕೊರೆಯುವುದು ಮಣ್ಣಿನಲ್ಲಿ. ಅಂಗಳಕ್ಕೆ ಸಿಮೆಂಟ್ ಹಾಕಿಸುವ ಯೋಚನೆ ಇದ್ದರೆ ಒಂದು ಮೂಲೆಯನ್ನಾದರೂ ಬಿಡಿ.